48,599 ಎಂದು ಟೈಪ್ ಮಾಡಿದರೆ ಪ್ರೋಗ್ರಾಂ ಯಾಕೆ ನಿಂತುಹೋಗುತ್ತದೆ?

ಪ್ರಶ್ನೆ: ನಾನು ಶಿರಸಿಯಲ್ಲಿ ಬಿಸಿಎ ಓದುತ್ತಿದ್ದೇನೆ. ಮನೆಯ ಅಡಿಕೆ ಲೆಕ್ಕಕ್ಕೆ ಪೈಥಾನ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೇನೆ. ಧಾರಣೆ 48599 ಎಂದು ಕೊಟ್ಟರೆ ಸರಿಯಾಗಿ ಓಡುತ್ತದೆ. ಅಪ್ಪಯ್ಯ ಬಿಲ್ ನೋಡಿ 48,599 ಎಂದು ಟೈಪ್ ಮಾಡಿದರೆ ಎರರ್ ಬರುತ್ತದೆ. ಏನು ಮಾಡಲಿ?

ಉತ್ತರ: ಮೊದಲಿಗೆ, ಎರರ್ ಬಂದದ್ದು ಒಳ್ಳೆಯದೇ ಆಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕೀಬೋರ್ಡಿನಿಂದ ಬರುವುದೆಲ್ಲ ಪೈಥಾನ್‌ಗೆ ಸ್ಟ್ರಿಂಗ್, ಅಂದ್ರೆ ಬರೀ ಅಕ್ಷರಗಳ ಸಾಲು. ಅದನ್ನು ಇಂಟಿಜರ್, ಅಂದ್ರೆ ಪೂರ್ಣಾಂಕ, ಮಾಡದೆ 2ರಿಂದ ಗುಣಿಸಿದರೆ 4859948599 ಬರುತ್ತದೆ. ಅದೇ ಸಾಲನ್ನು ಎರಡು ಸಲ ಬರೆದುಕೊಟ್ಟಿತು, ಅಷ್ಟೇ. ಅದಕ್ಕೇ ಇಂಟ್ ಎಂಬ ಫಂಕ್ಷನ್ ಬೇಕು.

ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದು ಸಂಕೇತ ಸಂಖ್ಯೆ ಇರುತ್ತದೆ. ‘0’ ಅಕ್ಷರದ್ದು 48, ‘4’ರದ್ದು 52. 52ರಲ್ಲಿ 48 ಕಳೆದರೆ 4 ಸಿಕ್ಕಿತಲ್ವಾ? ಮುಂದಿನ ಅಂಕಿ ಬಂದಾಗ ಈವರೆಗಿನದನ್ನು ಹತ್ತರಿಂದ ಗುಣಿಸಿ ಹೊಸದನ್ನು ಕೂಡಿಸಬೇಕು. 4, 48, 485, 4859, 48599. ಒಳಗೆ ನಡೆಯುವುದು ಹೆಚ್ಚುಕಡಿಮೆ ಇದೇ.

ಈಗ ಕಾಮಾ ಬಂತು ಅಂದುಕೊಳ್ಳಿ. ಅದರ ಸಂಕೇತ 44. 48 ಕಳೆದರೆ ಮೈನಸ್ 4. ಯಾವುದನ್ನೂ ಪರೀಕ್ಷಿಸದೆ ಮುಂದೆ ಹೋದರೆ 480ಕ್ಕೆ ಮೈನಸ್ 4 ಸೇರಿ 476 ಆಗುತ್ತದೆ, ಅಲ್ಲಿಂದ ಮುಂದಿನದೆಲ್ಲ ತಪ್ಪು. ಹಾಗಾಗಿ ಅಂಕಿಯಲ್ಲದ್ದು ಕಂಡ ಕೂಡಲೇ ಪೈಥಾನ್ ವ್ಯಾಲ್ಯೂ ಎರರ್ ಕೊಟ್ಟು ನಿಲ್ಲುತ್ತದೆ. ಜಾವಾ ಭಾಷೆ ಕೂಡ ಹೀಗೆಯೇ.

ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್ ಎಂಬ ಫಂಕ್ಷನ್ ಹಾಗಲ್ಲ. ಕಾಮಾವರೆಗೆ ಓದಿ, ಸುಮ್ನೆ 48 ಎಂದು ಉತ್ತರ ಕೊಡುತ್ತದೆ. ಸಿ ಭಾಷೆಯ ಎಟುಐ (atoi) ಕೂಡ ಅಷ್ಟೇ. ಕ್ವಿಂಟಾಲ್ ಅಡಿಕೆಗೆ 48 ರೂಪಾಯಿ! ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ನಿಮ್ಮ ಪ್ರೋಗ್ರಾಂ ನಿಂತುಹೋದದ್ದಕ್ಕೆ ಖುಷಿಪಡಿ ಅಂದದ್ದು ಇದಕ್ಕೇ.

ಪರಿಹಾರ ಸುಲಭ. ಇಂಟ್‌ಗೆ ಕೊಡುವ ಮೊದಲು ರಿಪ್ಲೇಸ್ ಎಂಬ ಫಂಕ್ಷನ್ ಬಳಸಿ ಕಾಮಾ ತೆಗೆಯಿರಿ. 1,02,350 ಎಂದು ನಮ್ಮ ಕ್ರಮದಲ್ಲಿ ಬರೆದರೂ 102,350 ಎಂದು ಬರೆದರೂ ಆಗ ಒಂದೇ. ಹಿಂದೆ ಮುಂದೆ ಖಾಲಿ ಜಾಗ ಉಳಿದರೆ ತಲೆಕೆಡಿಸಿಕೊಳ್ಳಬೇಡಿ, ಪೈಥಾನ್ ತಾನೇ ನೋಡಿಕೊಳ್ಳುತ್ತದೆ. ಕನ್ನಡ ಕೀಬೋರ್ಡಿನಲ್ಲಿ ಆಯಿ (ಅಮ್ಮ) ೪೮೫೯೯ ಎಂದು ಹೊಡೆದರೂ ಅದಕ್ಕೆ ಅರ್ಥವಾಗುತ್ತದೆ! ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳ ಸಂಕೇತ ಪಟ್ಟಿ) ದಶಮಾನ ಅಂಕಿ ಎಂದು ಗುರುತಿಸಿದ ಅಕ್ಷರಗಳನ್ನೆಲ್ಲ ಇಂಟ್ ಒಪ್ಪುತ್ತದೆ. ಆದರೆ ಜಾವಾಸ್ಕ್ರಿಪ್ಟ್‌ನಲ್ಲಿ ಈ ಆಟ ನಡೆಯುವುದಿಲ್ಲ.

ಬಿಲ್ಲಿನಲ್ಲಿ ಇರುವಂತೆ 48,599/- ಎಂದು ಹೊಡೆಯುವವರೂ ಇರುತ್ತಾರೆ. ಕೊನೆಯ ಆ ಗೀಟುಗಳನ್ನೂ ತೆಗೆಯಿರಿ. ಆದರೆ ‘ಅಂಕಿ ಬಿಟ್ಟು ಉಳಿದದ್ದೆಲ್ಲ ಅಳಿಸು’ ಎಂಬ ಒಂದೇ ಸಾಲಿನ ಉಪಾಯಕ್ಕೆ ಮಾತ್ರ ಹೋಗಬೇಡಿ. 48599.50ರಲ್ಲಿ ಚುಕ್ಕಿ ಹಾರಿಹೋದರೆ 4859950 ಉಳಿಯುತ್ತದೆ. ಇಷ್ಟಾದ ಮೇಲೂ ಎರರ್ ಬಂದರೆ ಟ್ರೈ, ಎಕ್ಸೆಪ್ಟ್ (ಪ್ರೋಗ್ರಾಂ ನಿಲ್ಲದಂತೆ ಎರರ್ ಹಿಡಿಯುವ ಸಾಲುಗಳು) ಬಳಸಿ ಹಿಡಿದು ಮತ್ತೊಮ್ಮೆ ಕೇಳಿ. ಸೊನ್ನೆ ಎಂದು ಇಟ್ಟುಕೊಂಡು ಮುಂದೆ ಹೋಗಬೇಡಿ. ಅಪ್ಪಯ್ಯ 48,59 ಎಂದು ಒಂದು ಅಂಕಿ ಬಿಟ್ಟು ಟೈಪ್ ಮಾಡಿದರೆ ಎರರೂ ಬರುವುದಿಲ್ಲ, 4859 ಎಂದು ಆಗಿಬಿಡುತ್ತದೆ. ಹಾಗಾಗಿ ಲೆಕ್ಕ ಹಾಕುವ ಮೊದಲು ‘ಕ್ವಿಂಟಾಲಿಗೆ 4859 ರೂಪಾಯಿ, ಸರಿಯಾ?’ ಎಂದು ತೋರಿಸಿ ಕೇಳಿ. ರಾಶಿ ಅಡಿಕೆಯ ಧಾರಣೆ ಗೊತ್ತಿದ್ದವರು ತಕ್ಷಣ ಹಿಡಿಯುತ್ತಾರೆ.

ನೀವು ಕೇಳದಿದ್ದರೂ ತೂಕದ ವಿಷಯ ಹೇಳಲೇಬೇಕು. ತೂಕ 2.35 ಕ್ವಿಂಟಾಲ್ ಇದ್ದರೆ ‘2.35’ ಎಂಬ ಸ್ಟ್ರಿಂಗ್ ಅನ್ನು ಇಂಟ್ ಒಪ್ಪುವುದಿಲ್ಲ. ಮೊದಲು ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿ ಆಮೇಲೆ ಇಂಟ್ ಮಾಡಿದರೆ ಒಪ್ಪುತ್ತದೆ, ಆದರೆ 2 ಮಾತ್ರ ಉಳಿಸುತ್ತದೆ. 35 ಕಿಲೋ ಹೋಯಿತು. 48,599ರ ಧಾರಣೆಯಲ್ಲಿ ಅದು 17 ಸಾವಿರ ರೂಪಾಯಿಗಿಂತ ಜಾಸ್ತಿ. ತೂಕವನ್ನು ಕಿಲೋದಲ್ಲೇ ಕೇಳಿ, 235 ಎಂದು ಇಂಟಿಜರ್ ಆಗಿ ಇಟ್ಟುಕೊಂಡು ಕೊನೆಗೆ ನೂರರಿಂದ ಭಾಗಿಸಿ. ನಾನಾದರೆ ಹಾಗೆಯೇ ಮಾಡುತ್ತೇನೆ.

ಫೋನ್ ನಂಬರನ್ನೂ ಸೇರಿಸುತ್ತೀರಾದರೆ ಅದನ್ನು ಇಂಟಿಜರ್ ಮಾಡಬೇಡಿ. ಶಿರಸಿಯ ಎಸ್‌ಟಿಡಿ ಕೋಡ್ 08384 ಹೋಗಿ 8384 ಆಗುತ್ತದೆ, ಮೊದಲಿನ ಆ ಸೊನ್ನೆ ವಾಪಸ್ ಬರುವುದಿಲ್ಲ. ತೋಟದ ಸರ್ವೆ ನಂಬರ್ 45/2 ಅಂತ ಇದ್ದರೆ ಅದೂ ಸ್ಟ್ರಿಂಗ್ ಆಗಿಯೇ ಇರಲಿ. ಅದರಿಂದ ಯಾರೂ ಏನನ್ನೂ ಗುಣಿಸುವುದಿಲ್ಲವಲ್ಲ.