ಹಳೆಯ ಪರ್ಫಾರ್ಮೆನ್ಸ್ ಕಾರು ಅಗ್ಗಕ್ಕೆ ಸಿಗುತ್ತಿದೆ, ತಗೊಳ್ಳಬಹುದಾ?

ಓದುಗರ ಪ್ರಶ್ನೆ: ಹತ್ತು–ಹದಿನೈದು ವರ್ಷ ಹಳೆಯ ಬಿಎಂಡಬ್ಲ್ಯು ಎಂ, ಪೋರ್ಶೆ, ಮರ್ಸಿಡಿಸ್ ಎಎಂಜಿ ಥರದ ಕಾರುಗಳು ಈಗ ಒಂದು ಸಾಧಾರಣ ಹೊಸ ಕಾರಿನ ಬೆಲೆಗೆ ಸಿಗುತ್ತಿವೆ. ನನಗೆ ಚಿಕ್ಕಂದಿನಿಂದ ಇವುಗಳ ಆಸೆ. ಆದರೆ ಯಾರನ್ನು ಕೇಳಿದರೂ ‘ಕೈ ಸುಟ್ಟುಕೊಳ್ತೀಯ’ ಅಂತ ಹೆದರಿಸುತ್ತಾರೆ. ಇವು ನಿಜಕ್ಕೂ ಅಷ್ಟೊಂದು ಕೆಡುತ್ತವಾ? ಖರ್ಚಿನ ಲೆಕ್ಕ ಹೇಗೆ ಹಾಕಬೇಕು?

ತಗೊಳ್ಳಬಹುದು. ಆದರೆ ಲೆಕ್ಕವನ್ನು ಈಗಿನ ಬೆಲೆಯಿಂದ ಶುರು ಮಾಡಬೇಡಿ. ಹೊಸದಿದ್ದಾಗ ಆ ಕಾರಿಗೆ ಎಷ್ಟು ಬೆಲೆ ಇತ್ತು ಅಂತ ಮೊದಲು ಹುಡುಕಿ. ನೀವು ಸಾಕಬೇಕಾಗಿರುವುದು ಆ ಬೆಲೆಯ ಕಾರನ್ನು. ವರ್ಷ ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ, ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಎಷ್ಟೋ ಸಲ ಏರುತ್ತದೆ. ಕಡಿಮೆ ಸಂಖ್ಯೆಯಲ್ಲಿ ತಯಾರಾದ ಕಾರಿಗೆ ಬಿಡಿಭಾಗ ಮಾಡುವವರೂ ಕಡಿಮೆ ಇರುತ್ತಾರೆ, ಅಲ್ವಾ?

ಒಂದು ಸುಲಭ ಲೆಕ್ಕ ಮಾಡೋಣ. ಹೊಸದರಲ್ಲಿ ಕಾರಿನ ಬೆಲೆ 100 ಅಂದುಕೊಳ್ಳಿ, ಈಗ 20. ನಾಲ್ಕೂ ಚಕ್ರದ ಬ್ರೇಕ್ ಡಿಸ್ಕು, ಪ್ಯಾಡು ಬದಲಿಸಲು ಆಗ 2 ಆಗುತ್ತಿತ್ತು. ಈಗಲೂ ಕಡಿಮೆ ಅಂದರೆ 2 ಆಗುತ್ತದೆ. ಮೊದಲ ಮಾಲೀಕರಿಗೆ ಅದು ಕಾರಿನ ಬೆಲೆಯ ಐವತ್ತರಲ್ಲಿ ಒಂದು ಪಾಲು, ನಿಮಗೆ ಹತ್ತರಲ್ಲಿ ಒಂದು. ‘ಕೈ ಸುಡುತ್ತೆ’ ಅನ್ನುವ ಮಾತು ಹುಟ್ಟುವುದೇ ಇಲ್ಲಿ. ಬಿಲ್ಲು ನೋಡಿ ಗಾಬರಿಯಾದ ಎರಡನೇ ಮಾಲೀಕರು ಕೆಲಸ ಮುಂದೂಡುತ್ತಾರೆ. ಮೂರನೆಯವರೂ ಮುಂದೂಡುತ್ತಾರೆ. ಹಾಗೆ ಉಳಿದದ್ದೆಲ್ಲ ಒಟ್ಟಾಗಿ ನಾಲ್ಕನೆಯವರ ತಲೆ ಮೇಲೆ ಬೀಳುತ್ತದೆ. ಆ ನಾಲ್ಕನೆಯವರು ನೀವಾಗಬಾರದು ಅನ್ನುವುದೇ ನನ್ನ ಕಾಳಜಿ.

ಇನ್ನು, ಇವು ಕೆಡುತ್ತವಾ ಅನ್ನುವ ಪ್ರಶ್ನೆ. ಸವೆಯುವುದನ್ನೂ ಕೆಡುವುದನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಪರ್ಫಾರ್ಮೆನ್ಸ್ ಕಾರಿನಲ್ಲಿ ಬಹುಪಾಲು ಖರ್ಚು ಸವೆತದ್ದೇ. ರಸ್ತೆಯನ್ನು ಚೆನ್ನಾಗಿ ಹಿಡಿಯಲಿ ಅಂತ ಟೈರಿನ ರಬ್ಬರು ಮೆತ್ತಗಿರುತ್ತದೆ, ಹಾಗಾಗಿ ಬೇಗ ಸವೆಯುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಮುಂದಿನ ಟೈರಿನ ಅಳತೆ ಬೇರೆ, ಹಿಂದಿನದು ಬೇರೆ. ಹಾಗಾಗಿ ಮುಂದಿನದನ್ನು ಹಿಂದಕ್ಕೆ ಹಾಕಿ ಸವೆತ ಹಂಚುವುದಕ್ಕೂ ಆಗುವುದಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಇನ್ನೊಂದು ತೊಡಕಿದೆ. ಒಂದು ಟೈರು ಹರಿದರೆ ಅದೊಂದನ್ನೇ ಹೊಸದು ಹಾಕಿ ಸುಮ್ನಿರಲಾಗದು. ಹೊಸ ಟೈರಿನ ಸುತ್ತಳತೆ ಉಳಿದವಕ್ಕಿಂತ ತುಸು ಜಾಸ್ತಿ ಇರುವುದರಿಂದ ಡಿಫರೆನ್ಷಿಯಲ್ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಸದಾ ಎಳೆದಾಟದಲ್ಲೇ ಇರುತ್ತದೆ. ಹೀಗೆ ಒಂದು ಮೊಳೆ ನಾಲ್ಕು ಟೈರಿನ ಖರ್ಚು ತರಬಹುದು. ಇದರಲ್ಲಿ ಯಾವುದೂ ಕಾರು ‘ಕೆಟ್ಟ’ ಲೆಕ್ಕಕ್ಕೆ ಬರುವುದಿಲ್ಲ. ಇದು ಆ ಕಾರಿನ ದಿನನಿತ್ಯದ ಊಟ.

ನಿಜವಾದ ಕೆಡುವಿಕೆ ಬೇರೆ. ಅದನ್ನು ಬ್ರ್ಯಾಂಡಿನ ಹೆಸರಿನಿಂದ ಅಳೆಯಲಾಗದು. ಎಂಜಿನ್ ಎಂಜಿನ್‌ಗೂ ಅದರದೇ ಕಾಯಿಲೆ. ಹಾಗಾಗಿ ‘ಪೋರ್ಶೆ ಗಟ್ಟಿಯಾ?’ ಅಂತ ಕೇಳುವುದಕ್ಕಿಂತ ‘ಯಾವ ವರ್ಷದ, ಯಾವ ಎಂಜಿನ್ನಿನ ಪೋರ್ಶೆ?’ ಅಂತ ಕೇಳಿ.

ಉದಾಹರಣೆಗೆ ಪೋರ್ಶೆಯ 911 (996 ಅನ್ನುವ ತಲೆಮಾರಿನದು), ಅದೇ ಕಾಲದ ಬಾಕ್ಸ್‌ಟರ್ ನೋಡಿ. 1990ರ ದಶಕದ ಕೊನೆಯಲ್ಲಿ ಬಂದ ಇವುಗಳ ಎಂ96 ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟನ್ನು ತಿರುಗಿಸಲು ನಡುವೆ ಒಂದು ಶಾಫ್ಟ್ (ಇಂಟರ್‌ಮೀಡಿಯೆಟ್ ಶಾಫ್ಟ್) ಇದೆ. ಅದರ ಒಂದು ತುದಿಯಲ್ಲಿ ಸೀಲ್ ಮಾಡಿದ ಬೇರಿಂಗ್. ಇದನ್ನೇ ಎಲ್ಲರೂ ಐಎಂಎಸ್ ಬೇರಿಂಗ್ ಅನ್ನುವುದು. ಕಾಲ ಕಳೆದಂತೆ ಸೀಲ್ ಸೋತು ಒಳಗಿನ ಗ್ರೀಸ್ ತೊಳೆದು ಹೋಗುತ್ತದೆ. ಬೇರಿಂಗ್ ಪುಡಿಯಾದರೆ ಟೈಮಿಂಗ್, ಅಂದರೆ ವಾಲ್ವು–ಪಿಸ್ಟನ್ನುಗಳ ತಾಳ, ತಪ್ಪಿ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ. ಅಲ್ಲಿಗೆ ಎಂಜಿನ್ ಹೋಯಿತು. ಎಲ್ಲ ಕಾರಿಗೂ ಹೀಗಾಗುವುದಿಲ್ಲ, ಹೆಚ್ಚಿನವು ಆರಾಮಾಗಿ ಓಡುತ್ತಿವೆ. ಬೇರಿಂಗ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಆದ್ದರಿಂದ ಗೊತ್ತಿರುವವರು ಕ್ಲಚ್ಚು ಬದಲಿಸುವಾಗ ಇದನ್ನೂ ಮಾಡಿಸಿಬಿಡುತ್ತಾರೆ. ಅಂಥ ಬಿಲ್ಲು ಇರುವ ಕಾರಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಅದೇ ತಲೆಮಾರಿನ ಟರ್ಬೊ, ಜಿಟಿ3 ಕಾರುಗಳಲ್ಲಿ ಇರುವುದು ಬೇರೆಯೇ ಎಂಜಿನ್, ಅವಕ್ಕೆ ಈ ಕಾಯಿಲೆ ಇಲ್ಲ. 2009ರ ಮಾಡೆಲ್‌ನಿಂದ 911ರಲ್ಲಿ ಆ ಶಾಫ್ಟನ್ನೇ ತೆಗೆದುಬಿಟ್ಟರು. ಒಂದೇ ಹೆಸರಿನ ಕಾರಿನಲ್ಲಿ ಎಷ್ಟು ವ್ಯತ್ಯಾಸ ನೋಡಿ.

ಬಿಎಂಡಬ್ಲ್ಯು ಎಂ ಕಾರುಗಳ ಮಾತು ಬಂದರೆ ಮೊದಲು ಕಿವಿಗೆ ಬೀಳುವುದು ರಾಡ್ ಬೇರಿಂಗ್. ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡು ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್‌ಶಾಫ್ಟನ್ನು ಹಿಡಿಯುವ ಜಾಗದಲ್ಲಿ ಇರುವ ತೆಳು ಲೋಹದ ಪಟ್ಟಿ ಅದು. 2000ದ ದಶಕದ ಇ46 ತಲೆಮಾರಿನ ಎಂ3ಯ ಶುರುವಿನ ಕಾರುಗಳನ್ನು ಕಂಪನಿಯೇ ವಾಪಸ್ ಕರೆಸಿ ಬೇರಿಂಗ್ ಬದಲಿಸಿಕೊಟ್ಟಿತ್ತು. ಮುಂದೆ ಬಂದ ವಿ8 ಎಂ3, ವಿ10 ಎಂ5 ಎಂಜಿನ್ನುಗಳಲ್ಲೂ ಈ ಸವೆತ ಪ್ರಸಿದ್ಧ. 507 ಹಾರ್ಸ್‌ಪವರ್‌ನ ಆ ಎಂ5 ನನ್ನ ಮಟ್ಟಿಗೆ ಈ ಇಡೀ ಗುಂಪಿನಲ್ಲೇ ಅತಿ ಮೋಹಕ, ಅತಿ ಅಪಾಯಕಾರಿ ಕಾರು. ಬೇರಿಂಗ್ ಸಾಲದು ಅಂತ ಗೇರ್‌ಬಾಕ್ಸಿನ ಹೈಡ್ರಾಲಿಕ್ ಪಂಪು, ಥ್ರಾಟಲ್ ತೆರೆಯುವ ಮೋಟಾರುಗಳು, ಎಲ್ಲವೂ ದುಬಾರಿ. ಬೆಲೆ ನೋಡಿದರೆ ಕೈ ಚಾಚುವಂತಿರುತ್ತದೆ. ಒಳ್ಳೆಯ ಸಂಬಳ ಇದ್ದರೂ ಇದನ್ನು ಮೊದಲ ಪರ್ಫಾರ್ಮೆನ್ಸ್ ಕಾರಾಗಿ ತಗೊಳ್ಳಬೇಡಿ ಅಂತಲೇ ಹೇಳುತ್ತೇನೆ. ಇ46 ಎಂ3 ನೋಡುವಾಗ ಇನ್ನೊಂದು ಜಾಗ ಮರೆಯಬೇಡಿ. ಕಾರನ್ನು ಮೇಲೆತ್ತಿ, ಹಿಂದಿನ ಸಬ್‌ಫ್ರೇಮ್ (ಸಸ್ಪೆನ್ಷನ್ ಹೊತ್ತ ಚೌಕಟ್ಟು) ಕೂರುವ ಕಡೆ ನೆಲದ ತಗಡು ಸೀಳಿದೆಯಾ ನೋಡಿ. ಸೀಳಿದ್ದರೆ ಬೆಸುಗೆ ಹಾಕಿ ಬಲಪಡಿಸಬೇಕು, ಅದು ಚಿಲ್ಲರೆ ಕೆಲಸವಲ್ಲ.

ಬೇರೆಯವನ್ನು ಬೇಗ ಹೇಳಿಬಿಡುತ್ತೇನೆ. 2000ದ ದಶಕದ ಆಡಿ ಎಸ್4 ವಿ8ನಲ್ಲಿ ಟೈಮಿಂಗ್ ಚೈನುಗಳು ಎಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸಿನ ಕಡೆಗಿವೆ. ಚೈನಿಗೆ ದಾರಿ ಹಿಡಿಸುವ ಪ್ಲಾಸ್ಟಿಕ್ ಗೈಡ್ ಸವೆದರೆ ಎಂಜಿನ್ನೇ ಇಳಿಸಬೇಕು. ಬಿಡಿಭಾಗಕ್ಕಿಂತ ಕೂಲಿಯೇ ಜಾಸ್ತಿ ಆಗುತ್ತದೆ. ಮರ್ಸಿಡಿಸ್ ಸಿ63ಯ 6.2 ಲೀಟರ್ ವಿ8ನ ಮೊದಲ ವರ್ಷಗಳ ಕಾರುಗಳಲ್ಲಿ ಸಿಲಿಂಡರ್ ಹೆಡ್ ಬೋಲ್ಟು ತುಂಡಾಗಿ ಕೂಲಂಟ್ ಒಳಗೆ ಸೋರಿದ ಉದಾಹರಣೆಗಳಿವೆ. ಸುಬಾರು ಎಸ್‌ಟಿಐಯ 2.5 ಲೀಟರ್ ಟರ್ಬೊ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗ್ ಕೂರುವ ಅಂಚು ಒಡೆಯುತ್ತದೆ, ಶಕ್ತಿ ಹೆಚ್ಚಿಸಲು ಟ್ಯೂನಿಂಗ್ ಮಾಡಿಸಿದ್ದರೆ ಇನ್ನೂ ಬೇಗ. ಮಜ್ದಾ ಆರ್‌ಎಕ್ಸ್–8 ರೋಟರಿ ಎಂಜಿನ್ನಿನದು, ಪಿಸ್ಟನ್ ಬದಲು ತಿರುಗುವ ರೋಟರ್ ಇರುವಂಥದ್ದು. ಅದು ಆಯಿಲ್ ಸುಡುವುದು ದೋಷವಲ್ಲ, ಒಳಗಿನ ಸೀಲುಗಳಿಗೆ ಜಾರಿಕೆ ಸಿಗಲಿ ಅಂತ ಹಾಗೇ ಮಾಡಿದ್ದಾರೆ. ಆಯಿಲ್ ಮಟ್ಟ ಪದೇ ಪದೇ ನೋಡುವ ಅಭ್ಯಾಸ ನಿಮಗಿಲ್ಲದಿದ್ದರೆ ಅದು ನಿಮ್ಮ ಕಾರಲ್ಲ. ಬಿಸಿ ಇದ್ದಾಗ ಸ್ಟಾರ್ಟ್ ಆಗಲು ತಿಣುಕಿದರೆ ಕಂಪ್ರೆಷನ್ (ಎಂಜಿನ್ ಒಳಗೆ ಗಾಳಿ ಒತ್ತುವ ಬಲ) ಬಿದ್ದಿದೆ ಅಂತ ಅನುಮಾನ ಪಡಿ.

ಇಷ್ಟು ಹೇಳಿದ ಮೇಲೆ ಗಟ್ಟಿ ಕಾರುಗಳನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಲೆಕ್ಸಸ್ ಐಎಸ್ ಎಫ್ ಇದೆ. 5 ಲೀಟರ್ ವಿ8, ಟರ್ಬೊ ಇಲ್ಲ, ದೊಡ್ಡ ದೂರುಗಳಿಲ್ಲ. ಹೋಂಡಾ ಎಸ್2000 ಎರಡೇ ಲೀಟರ್ ಎಂಜಿನ್ನಿನಲ್ಲಿ 9000 ಆರ್‌ಪಿಎಂ ತನಕ ಹೋಗುತ್ತದೆ, ಆದರೂ ಆಯಿಲ್ ಸರಿಯಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಮಜ್ದಾ ಎಂಎಕ್ಸ್–5 ಶಕ್ತಿಯಲ್ಲಿ ಚಿಕ್ಕದು, ಆದರೆ ಒಂದು ಟನ್ನಿನ ಆಸುಪಾಸಿನ ತೂಕ. ತೂಕ ಕಡಿಮೆ ಇದ್ದರೆ ಟೈರು ಚಿಕ್ಕದು, ಬ್ರೇಕು ಚಿಕ್ಕದು, ಪೆಟ್ರೋಲು ಕಡಿಮೆ. ಖರ್ಚು ಪ್ರತಿಯೊಂದು ಜಾಗದಲ್ಲೂ ಇಳಿಯುತ್ತದೆ. ಓಡಿಸುವ ಖುಷಿ ಬೇಕು, ಜೇಬು ದೊಡ್ಡದಿಲ್ಲ ಅನ್ನುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

ಮಾಡೆಲ್ ಆರಿಸಿದ ಮೇಲೆ ಅದಕ್ಕಿಂತ ದೊಡ್ಡ ವಿಷಯ ಬರುತ್ತದೆ: ನಿಮ್ಮ ಮುಂದೆ ನಿಂತಿರುವ ಆ ಒಂದು ಕಾರು. ಒಳ್ಳೆಯ ಮಾಡೆಲ್‌ನ ಕೆಟ್ಟ ಕಾರಿಗಿಂತ, ಕೆಟ್ಟ ಹೆಸರಿನ ಮಾಡೆಲ್‌ನ ಚೆನ್ನಾಗಿ ಸಾಕಿದ ಕಾರು ಎಷ್ಟೋ ವಾಸಿ. ಹಿಂದಿನವರು ಎಂಜಿನ್ ಬಿಸಿಯಾಗುವ ಮೊದಲೇ ಆಕ್ಸಿಲರೇಟರ್ ಒತ್ತುತ್ತಿದ್ದರಾ ಅನ್ನುವುದೊಂದೇ ಎಂಜಿನ್ನಿನ ಆಯಸ್ಸನ್ನು ನಿರ್ಧರಿಸಿಬಿಡಬಲ್ಲದು. ಕೂಲಂಟ್ ಬೇಗ ಬಿಸಿಯಾಗುತ್ತದೆ, ಆಯಿಲ್ ನಿಧಾನ. ಇ46 ಎಂ3ಯಲ್ಲಿ ಆಯಿಲ್ ಬಿಸಿಯಾದ ಹಾಗೆಲ್ಲ ಆರ್‌ಪಿಎಂ ಮೀಟರಿನ ಸುತ್ತ ಇರುವ ಎಚ್ಚರಿಕೆ ದೀಪಗಳು ಒಂದೊಂದಾಗಿ ಆರುತ್ತವೆ. ಮಾರುವವರ ಜೊತೆ ಒಂದು ಸುತ್ತು ಹೋಗಿ. ಆ ದೀಪಗಳಿಗೆ ಅವರು ಕಾಯುತ್ತಾರಾ, ಇಲ್ಲವಾ ಗಮನಿಸಿ.

ಕಾರು ನೋಡಲು ಹೋಗುವ ಮೊದಲು ಒಂದು ಮಾತು ಹೇಳಿಡಿ: ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ.’ ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ತಣ್ಣಗಿರಬೇಕು. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ರಾತ್ರಿಯಿಡೀ ನಿಂತ ಎಂಜಿನ್ ಸ್ಟಾರ್ಟ್ ಆಗುವ ಮೊದಲ ಐದು ಸೆಕೆಂಡು ತುಂಬಾ ಹೇಳುತ್ತದೆ. ಆಯಿಲ್ ಇನ್ನೂ ಮೇಲೆ ಹೋಗಿರುವುದಿಲ್ಲ. ಸಡಿಲವಾದ ಚೈನು ಗರಗರ ಅನ್ನುತ್ತದೆ. ರಾತ್ರಿ ಸಿಲಿಂಡರಿಗೆ ಇಳಿದ ಆಯಿಲ್ ನೀಲಿ ಹೊಗೆಯಾಗಿ ಹೊರಗೆ ಬರುತ್ತದೆ. ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಇವೆಲ್ಲ ಮಾಯ.

ಆಮೇಲೆ ಬಿಲ್ಲುಗಳ ಕಟ್ಟು ಕೇಳಿ. ಸರ್ವೀಸ್ ಪುಸ್ತಕದ ಸೀಲು ಸಾಲದು. ಯಾವ ಆಯಿಲ್ ಹಾಕಿದರು, ಯಾವ ಭಾಗ ಬದಲಿಸಿದರು ಅಂತ ಬರೆದ ಬಿಲ್ಲೇ ಬೇಕು. ಹದಿನೈದು ವರ್ಷದಲ್ಲಿ ಬರೀ 30,000 ಕಿಲೋಮೀಟರ್ ಓಡಿದ ಕಾರು ಕಂಡರೆ ಜನ ಮರುಳಾಗುತ್ತಾರೆ. ನನಗಾದರೆ ಒಂದು ಲಕ್ಷ ಓಡಿ ದಪ್ಪ ಫೈಲು ಇರುವ ಕಾರೇ ಇಷ್ಟ. ಓಡಲಿ ಬಿಡಲಿ, ರಬ್ಬರು ಬಿರುಕು ಬಿಡುತ್ತದೆ, ಬುಷ್ ಒಣಗುತ್ತದೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತಲೇ ಇರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಓದಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕು ಟೈರಿಗೆ ನಾಲ್ಕು ಬ್ರ್ಯಾಂಡು, ಅದರಲ್ಲೂ ಅಗ್ಗದ್ದು ಹಾಕಿದ್ದರೆ, ಕಣ್ಣಿಗೆ ಕಾಣದ ಜಾಗದಲ್ಲೂ ಅವರು ಹಾಗೇ ಉಳಿತಾಯ ಮಾಡಿರುತ್ತಾರೆ ಅಂದುಕೊಳ್ಳಿ.

ಆ ಮಾಡೆಲ್ ಬಲ್ಲ ಮೆಕ್ಯಾನಿಕ್ ಕೈಯಲ್ಲಿ ಸ್ಕ್ಯಾನರ್ ಹಾಕಿಸಿ. ‘ಯಾವ ಎರರ್ರೂ ಇಲ್ಲ’ ಅಂದರೆ ಅಲ್ಲಿಗೆ ಬಿಡಬೇಡಿ, ಕಾರಿನ ಸ್ವಯಂ ಪರೀಕ್ಷೆಗಳು ಮುಗಿದಿವೆಯಾ ಕೇಳಿ. ಮುಗಿದಿಲ್ಲ ಅಂತ ತೋರಿಸಿದರೆ ಯಾರೋ ಇತ್ತೀಚೆಗೆ ಎರರ್‌ಗಳನ್ನು ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಬಿಚ್ಚಿರಬಹುದು. ಟ್ಯೂನಿಂಗ್ ಆದ ಕಾರಿನಲ್ಲಿ ಯಾರು ಮಾಡಿದರು, ಹಳೆಯ ಭಾಗಗಳು ಇನ್ನೂ ಇವೆಯಾ ಅಂತ ಕೇಳಿ. ತೃಪ್ತಿಕರ ಉತ್ತರ ಬರದಿದ್ದರೆ ನಾನು ಮುಂದುವರಿಯುವುದಿಲ್ಲ.

ಈಗ ದುಡ್ಡಿನ ವಿಷಯ. ನಿಮ್ಮ ಹತ್ತಿರ ಇರುವುದನ್ನೆಲ್ಲ ಕಾರಿಗೇ ಸುರಿಯಬೇಡಿ. ಕೊಳ್ಳುವ ಬೆಲೆಯ ಕಾಲು ಭಾಗದಷ್ಟು ಮೊದಲ ವರ್ಷಕ್ಕೆ ಅಂತ ಬದಿಗಿಡಿ. ಇದು ನನ್ನ ಅಂದಾಜು, ಎಂ5ನಂಥ ಕಾರಿಗೆ ಅದೂ ಸಾಲದು. ಕೊಳ್ಳುವ ಮೊದಲೇ ಇನ್ಶೂರೆನ್ಸ್ ಎಷ್ಟು ಅಂತ ಕೇಳಿಕೊಳ್ಳಿ. ಹೆಚ್ಚು ಆಕ್ಟೇನ್ ಪೆಟ್ರೋಲು ಬೇಕು ಅಂತ ಕಂಪನಿ ಹೇಳಿದ್ದರೆ ಅದನ್ನೇ ಹಾಕಬೇಕು, ಅಲ್ಲಿ ಉಳಿತಾಯ ನೋಡಬೇಡಿ. ಇದೊಂದೇ ಕಾರಿನಲ್ಲಿ ದಿನಾ ಕೆಲಸಕ್ಕೆ ಹೋಗಬೇಕು ಅನ್ನುವವರು ಇನ್ನೊಮ್ಮೆ ಯೋಚಿಸಿ. ಬಿಡಿಭಾಗ ಬರಲು ವಾರಗಟ್ಟಲೆ ಕಾಯಬೇಕಾಗಬಹುದು. ಕಾಯಲು ಆಗದವರು ಸಿಕ್ಕಿದ ಅಗ್ಗದ ಭಾಗ ಹಾಕಿಸುತ್ತಾರೆ, ಅಲ್ಲಿಂದ ಕಾರು ಹಾಳಾಗಲು ಶುರು.

ಕೊಂಡ ಮೊದಲ ವಾರವೇ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಬ್ರೇಕ್, ಎಲ್ಲದರ ಆಯಿಲ್ ಬದಲಿಸಿಬಿಡಿ. ಹಳೆಯ ಎಂಜಿನ್ ಆಯಿಲ್ ಫಿಲ್ಟರನ್ನು ಎಸೆಯಲು ಬಿಡಬೇಡಿ. ಅದನ್ನು ಕೊಯ್ದು, ಒಳಗಿನ ಮಡಿಕೆ ಮಡಿಕೆಯ ಕಾಗದವನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಲೋಹದ ಮಿನುಗು ಕಂಡರೆ ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸಿ. ತಾಮ್ರ, ಸೀಸ ಜಾಸ್ತಿ ಬಂದರೆ ಬೇರಿಂಗ್ ಸವೆಯುತ್ತಿದೆ ಅಂತ ಅರ್ಥ. ಆ ಹಂತದಲ್ಲಿ ಬದಲಿಸಿದರೆ ಬೇರಿಂಗು ಮತ್ತು ಕೂಲಿಯಲ್ಲಿ ಮುಗಿಯುತ್ತದೆ, ಸದ್ದು ಬರುವ ತನಕ ಓಡಿಸಿದರೆ ಕ್ರ್ಯಾಂಕ್‌ಶಾಫ್ಟೂ ಹೋಗುತ್ತದೆ.