ಹೊಡೆದ ಹುಡುಗನಿಗೆ ಟಿಸಿ ಕೊಟ್ಟರೆ ಮುಗಿಯಿತೇ?

ಪ್ರಶ್ನೆ: ಮಗ ತೀರ್ಥಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾನೆ. ಅವನ ಶಾಲೆಯವರೇ ಮೂವರು ಬಸ್‌ ಸ್ಟ್ಯಾಂಡಿನ ಹಿಂದೆ ಅವನಿಗೆ ಹೊಡೆದಿದ್ದಾರೆ, ಇನ್ನೊಬ್ಬ ಅದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿದ್ದಾನೆ. ಊರಿನ ಹಿರಿಯರು ರಾಜಿ ಮಾಡಿಕೊಳ್ಳಿ ಅನ್ನುತ್ತಾರೆ, ನನ್ನ ತಮ್ಮ ಪೊಲೀಸ್ ಕಂಪ್ಲೇಂಟ್ ಕೊಡೋಣ ಅನ್ನುತ್ತಾನೆ. ಇಂಥವರಿಗೆ ಟಿಸಿ ಕೊಟ್ಟು ಕಳಿಸುವುದೇ ಸರಿಯಲ್ಲವೇ?

ಉತ್ತರ: ಮೊದಲು ಮಗನನ್ನು ಡಾಕ್ಟರಿಗೆ ತೋರಿಸಿ. ತಾಲ್ಲೂಕು ಆಸ್ಪತ್ರೆಗಾಗಲಿ, ಶಿವಮೊಗ್ಗದ ಮೆಗ್ಗಾನ್‌ಗಾಗಲಿ ಹೋದಾಗ ಮರ್ಯಾದೆಗೆ ಅಂಜಿ ‘ಬಿದ್ದು ಪೆಟ್ಟಾಯ್ತು’ ಅನ್ನಬೇಡಿ. ಹೊಡೆದಿದ್ದಾರೆ ಅಂತಲೇ ಹೇಳಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವಂತೆ ಡಾಕ್ಟರು ಗಾಯವನ್ನು ಬರೆದಿಡುವ ದಾಖಲೆ) ಮಾಡಿಸಿ. ನಾಳೆ ರಾಜಿಯೇ ಆಗಲಿ, ಕೇಸೇ ಆಗಲಿ, ನಡೆದದ್ದಕ್ಕೆ ದಾಖಲೆ ಬೇಕು. ಮುಖ್ಯೋಪಾಧ್ಯಾಯರಿಗೂ ತಡಮಾಡದೆ ಬರೆದೇ ದೂರು ಕೊಡಿ, ನಿಮ್ಮ ಪ್ರತಿಗೆ ಸಹಿ, ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿ ಬಂದ ದೂರು ವಾರ ಕಳೆಯುವಷ್ಟರಲ್ಲಿ ‘ಹುಡುಗರ ಗಲಾಟೆ’ ಆಗಿಬಿಡುತ್ತದೆ.

ಇನ್ನು ಟಿಸಿ ವಿಚಾರ. ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ. ಒಂಬತ್ತು, ಹತ್ತನೇ ತರಗತಿಯವರಿಗೆ ಈ ರಕ್ಷಣೆ ಇಲ್ಲ. ಹಾಗಿದ್ದರೂ ಟಿಸಿ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಇಲ್ಲಿ ಟಿಸಿ ಪಡೆದವನು ಹೊಸನಗರದಲ್ಲೋ ಸಾಗರದಲ್ಲೋ ಸೇರಿಕೊಳ್ಳುತ್ತಾನೆ, ಅಲ್ಲಿ ಬೇರೆ ಯಾರದೋ ಮಗ ಅವನ ಕೈಗೆ ಸಿಗುತ್ತಾನೆ. ಇಲ್ಲವೇ ಓದು ಬಿಟ್ಟು ಗಾರೆ ಕೆಲಸಕ್ಕೆ ಹೋಗಿ, ಸಂಜೆ ಅದೇ ಬಸ್‌ ಸ್ಟ್ಯಾಂಡಿನಲ್ಲಿ ನಿಮ್ಮ ಮಗನಿಗೆ ಎದುರಾಗುತ್ತಾನೆ. ಆಗ ಅವನನ್ನು ಕೇಳುವ ಮೇಷ್ಟ್ರೂ ಇರುವುದಿಲ್ಲ.

ಅಮೆರಿಕದವರು ಈ ದಾರಿ ಹಿಡಿದು ನೋಡಿದ್ದಾರೆ. ಶಾಲೆಗೆ ಬಂದೂಕು ತಂದವರನ್ನು ಕನಿಷ್ಠ ಒಂದು ವರ್ಷ ಹೊರಗಿಡಬೇಕು ಎಂಬ ಕಾನೂನು ಅಲ್ಲಿ 1994ರಲ್ಲಿ ಬಂತು. ಬಂದೂಕಿನ ಮಾತಿಗೆ ನನ್ನ ತಕರಾರಿಲ್ಲ. ಆದರೆ ಅದೇ ಬಿಗಿಯನ್ನು ಶಾಲೆಗಳು ಸಣ್ಣಪುಟ್ಟ ಜಗಳಕ್ಕೂ, ಎದುರು ಮಾತಾಡಿದ್ದಕ್ಕೂ ತಂದವು. ಅಲ್ಲಿನ ಮನೋವಿಜ್ಞಾನ ಸಂಘದ ಕಾರ್ಯಪಡೆ ಅಧ್ಯಯನಗಳನ್ನೆಲ್ಲ ಜಾಲಾಡಿ, ಇದರಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದವು ಎನ್ನಲು ಆಧಾರವಿಲ್ಲ ಎಂದು 2008ರಲ್ಲಿ ಪ್ರಕಟಿಸಿತು.

ಹಾಗಂತ ನಮ್ಮೂರಿನ ರಾಜಿಯನ್ನೂ ಒಪ್ಪಲಾರೆ. ಯಾರದೋ ಮನೆ ಜಗಲಿಯಲ್ಲಿ ಎಲ್ಲರೂ ಕೂರುತ್ತಾರೆ. ಹೊಡೆದವನ ಅಪ್ಪ ಎದ್ದು ಎಲ್ಲರೆದುರು ಮಗನ ಕೆನ್ನೆಗೆ ಬಾರಿಸುತ್ತಾನೆ. ಪೆಟ್ಟು ತಿಂದವನಿಗೆ ‘ಕೈ ಕೊಡು ಮಾರಾಯ, ಒಂದೇ ಊರಿನವರು’ ಅನ್ನುತ್ತಾರೆ. ಕಾಫಿ ಕುಡಿದು ಏಳುತ್ತಾರೆ. ನಾಳೆಯಿಂದ ಆ ಹುಡುಗನನ್ನು ನೋಡಿಕೊಳ್ಳುವವರು ಯಾರು ಎಂಬ ಮಾತೇ ಬರಲಿಲ್ಲ. ಹೊಡೆದವನು ಕಲಿತದ್ದೂ, ದೊಡ್ಡವರು ಸಿಟ್ಟು ಬಂದಾಗ ಹೊಡೆಯುತ್ತಾರೆ ಎಂಬುದನ್ನೇ. ‘ಛಡಿ ಚಂ ಚಂ, ವಿದ್ಯೆ ಘಂ ಘಂ’ ಎಂದು ಈಗಲೂ ಬೀಗುವ ಶಾಲೆಗಳಿಗೂ ಈ ಮಾತು ಸಲ್ಲುತ್ತದೆ. ದೈಹಿಕ ಶಿಕ್ಷೆಯನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ.

ನಮ್ಮ ಕಡೆ ಹೊಡೆದಾಟ ಕ್ಲಾಸಿನೊಳಗೆ ನಡೆಯುವುದು ಕಡಿಮೆ. ಸಂಜೆ ಬೆಲ್ ಹೊಡೆದು ಗಂಟೆ ಕಳೆದರೂ ಒಳಹಳ್ಳಿಯ ಬಸ್ ಬಂದಿರುವುದಿಲ್ಲ. ಮಳೆಗಾಲದಲ್ಲಂತೂ ಅರ್ಧ ಶಾಲೆ ಒಂದೇ ತಂಗುದಾಣದ ಮಾಡಿನ ಕೆಳಗೆ ಒತ್ತಿಕೊಂಡು ನಿಂತಿರುತ್ತದೆ. ಒಬ್ಬನ ಕೊಡೆ ಇನ್ನೊಬ್ಬ ಮುರಿದದ್ದು, ಕಿಟಕಿಯಿಂದ ಬ್ಯಾಗ್ ಎಸೆದು ಹಿಂದಿನ ಸೀಟು ಹಿಡಿದದ್ದು, ಯಾವುದೋ ಹುಡುಗಿಯ ಹೆಸರು ಸೇರಿಸಿ ಅಣಕಿಸಿದ್ದು, ಇಷ್ಟು ಸಾಕು. ಹಾಸ್ಟೆಲುಗಳಲ್ಲಿ ಇದೇ ಹೊತ್ತು ರಾತ್ರಿ ಊಟವಾದ ಮೇಲೆ ಬರುತ್ತದೆ: ಜೂನಿಯರ್‌ ಹುಡುಗರು ಸೀನಿಯರ್‌ಗಳ ಬಟ್ಟೆ ಒಗೆಯಬೇಕು, ಒಲ್ಲೆ ಅಂದರೆ ಬೆಲ್ಟು. ಬಸ್ಸಿನಲ್ಲಿ ದಿನಾ ಯಾರು ಯಾರ ಕೈಖರ್ಚಿನ ದುಡ್ಡು ಕಿತ್ತುಕೊಳ್ಳುತ್ತಾರೆ ಎಂಬುದು ಕಂಡಕ್ಟರಿಗೂ, ಪಕ್ಕದ ಬೇಕರಿಯವರಿಗೂ ಗೊತ್ತಿರುತ್ತದೆ. ಅವರನ್ನು ಯಾರೂ ಕೇಳುವುದಿಲ್ಲ, ಅಷ್ಟೇ. ನೀವು ಕೇಳಿ. ಬೆಲ್ಲಿನಿಂದ ಬಸ್ಸಿನವರೆಗೆ ಸರದಿಯಂತೆ ಒಬ್ಬ ಶಿಕ್ಷಕರು, ಒಬ್ಬ ಪೋಷಕರು ನಿಲ್ಲಬೇಕು ಎಂದು ಎಸ್‌ಡಿಎಂಸಿ ಸಭೆಯಲ್ಲಿ ಹಟ ಹಿಡಿಯಿರಿ. ಡಿಪೊಗೆ ಬಸ್ಸಿನ ಟೈಮ್ ಬದಲಿಸಲು ಅರ್ಜಿ ಕೊಡಿ. ತಂಗುದಾಣಕ್ಕೆ ದೀಪ ಬೇಕೆಂದು ಗ್ರಾಮ ಪಂಚಾಯ್ತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳಲಿ.

ಸುತ್ತ ನಿಂತು ನೋಡಿದವರನ್ನು ಬಿಡಬೇಡಿ ಎಂಬುದು ಫಿನ್ಲೆಂಡಿನವರಿಂದ ಕಲಿಯಬೇಕಾದ್ದು. ತುರ್ಕು ವಿಶ್ವವಿದ್ಯಾಲಯದವರು ರೂಪಿಸಿದ ‘ಕಿವಾ’ ಕಾರ್ಯಕ್ರಮ 2009ರಿಂದ ಅಲ್ಲಿನ ಶಾಲೆಗಳಿಗೆ ಹಬ್ಬಿತು. ನೋಡುವವರು ನಕ್ಕರೆ ಹೊಡೆಯುವವನಿಗೆ ಹುರುಪು ಬರುತ್ತದೆ, ಅವರು ಪೆಟ್ಟು ತಿಂದವನ ಪಕ್ಕ ಬಂದು ನಿಂತರೆ ಅವನ ಆಟ ನಡೆಯುವುದಿಲ್ಲ ಎಂಬುದು ಅದರ ತಿರುಳು. ನಿಮ್ಮ ಪ್ರಕರಣದಲ್ಲಿ ಮೊಬೈಲ್ ಹಿಡಿದಿದ್ದ ಹುಡುಗನ ಮನೆಯವರನ್ನೂ ಶಾಲೆ ಕರೆಸಲೇಬೇಕು.

ಪೊಲೀಸರ ಹತ್ತಿರ ಹೋಗಬಹುದೇ? ಖಂಡಿತ ಹೋಗಬಹುದು. ಹೊಡೆದವರು 18 ವರ್ಷದೊಳಗಿನವರಾದರೆ 2015ರ ಬಾಲ ನ್ಯಾಯ ಕಾಯ್ದೆ ಅನ್ವಯಿಸುತ್ತದೆ. ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯನ್ನೇ ಕೇಳಿ. ಘೋರ ಅಪರಾಧವಲ್ಲದಿದ್ದರೆ, ಜೊತೆಗೆ ದೊಡ್ಡವರು ಯಾರೂ ಸೇರಿರದಿದ್ದರೆ, 2016ರ ಮಾದರಿ ನಿಯಮಗಳಂತೆ ಎಫ್‌ಐಆರ್ ಹಾಕುವುದಿಲ್ಲ. ಠಾಣೆಯ ಡೈರಿಯಲ್ಲಿ ಬರೆದುಕೊಂಡು, ಹುಡುಗನ ಮನೆಯ ಸ್ಥಿತಿಗತಿಯ ವರದಿಯನ್ನು ಬಾಲ ನ್ಯಾಯ ಮಂಡಳಿಗೆ ಕಳಿಸುತ್ತಾರೆ. ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರಿರುವ ಆ ಮಂಡಳಿ ಬುದ್ಧಿ ಹೇಳಿ ಬಿಡಬಹುದು, ಆಪ್ತ ಸಮಾಲೋಚನೆಗೆ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು. ‘ಕಂಪ್ಲೇಂಟ್ ಕೊಟ್ಟರೆ ಹುಡುಗರ ಬಾಳು ಹಾಳಾಗುತ್ತದೆ’ ಎಂದು ಹೆದರಿಸುವವರಿಗೆ ಇದನ್ನು ಹೇಳಿ. ಲೈಂಗಿಕ ಕಿರುಕುಳದ ಸುಳಿವಿದ್ದರೆ ಮಾತ್ರ ರಾಜಿಯ ಮಾತೇ ಇಲ್ಲ. 2012ರ ಪೋಕ್ಸೊ ಕಾಯ್ದೆಯಡಿ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಶಾಲೆ ಕಿವಿಗೊಡದಿದ್ದರೆ ಬಿಇಒ ಕಚೇರಿಗೆ ಬರೆಯಿರಿ. ಮಕ್ಕಳ ಸಹಾಯವಾಣಿ 1098ಕ್ಕೆ ನಿಮ್ಮ ಮಗನೇ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.

ಆ ವಿಡಿಯೊ ನಿಮ್ಮ ಕೈಗೆ ಸಿಕ್ಕಿದ್ದರೆ ಪೊಲೀಸರಿಗೆ ಕೊಡಿ. ಸಿಟ್ಟಿನಲ್ಲಿ ಊರಿನ ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ, ತಮ್ಮನಿಗೂ ಹಾಕದಂತೆ ಹೇಳಿ. ಇಂಥ ಪ್ರಕರಣದಲ್ಲಿ ಹೊಡೆದ ಮಗುವಿನದಾಗಲಿ, ಪೆಟ್ಟು ತಿಂದ ಮಗುವಿನದಾಗಲಿ ಗುರುತು ಬಯಲು ಮಾಡುವುದನ್ನು ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ. ಮೀರಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.