ಆರು ಸಲ ತಲೆಕೆಳಗಾದ ರೋಲರ್ ಕೋಸ್ಟರ್ ಯಾವುದು?

ಶಾಲೆಯ ಟೂರಿನಲ್ಲಿ ಎಂದೋ ಹತ್ತಿದ ರೋಲರ್ ಕೋಸ್ಟರ್. ಹೆಸರು ಮರೆತಿದೆ, ಊರೂ ನೆನಪಿಲ್ಲ. ಹತ್ತಿದ್ದವಳು, ತುಮಕೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳು, ಹೇಳುವುದಿಷ್ಟು: "ಆರು ಸಲ ತಲೆಕೆಳಗಾಯ್ತು ಅಣ್ಣ, ಬಳೆ ಥರ ಗುಂಡಗಿತ್ತು. ಬೀಳೋದಂತೂ ಮುಗೀಲೇ ಇಲ್ಲ." ಇದರಲ್ಲಿ ಯಾವುದನ್ನು ನಂಬುವುದು?

ಬಿದ್ದ ಹೊತ್ತನ್ನು ಮೊದಲೇ ಬಿಟ್ಟುಬಿಡಬಹುದು. 2007ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು ಜನರನ್ನು 31 ಮೀಟರ್ ಎತ್ತರದಿಂದ ಬಲೆಗೆ ಬೀಳಿಸಿದ್ದರು. ಬೇರೆಯವರು ಬಿದ್ದದ್ದಕ್ಕಿಂತ ತಾವು ಬಿದ್ದ ಹೊತ್ತು ಸರಾಸರಿ 36% ಹೆಚ್ಚೆಂದು ಅವರಿಗೆ ಅನ್ನಿಸಿತು. ಬೀಳುವಾಗ ಅವರ ಕಣ್ಣೇನೂ ಹೆಚ್ಚು ಚುರುಕಾಗಿರಲಿಲ್ಲ. ಹಿಗ್ಗಿದ್ದು ನೆನಪು ಮಾತ್ರ.

ಬಳೆಯೂ ಅನುಮಾನವೇ. ಸುತ್ತು ನಿಜವಾದ ವೃತ್ತವಾಗಿದ್ದರೆ, ನೆತ್ತಿಯನ್ನು ಹೇಗೋ ದಾಟುವಷ್ಟೇ ವೇಗವಿದ್ದರೂ ಬುಡದಲ್ಲಿ ನಮ್ಮ ತೂಕದ ಆರು ಪಟ್ಟು ಒತ್ತಡ ಬೀಳುತ್ತದೆ. ಕತ್ತಿಗೆ ಅದು ಅಪಾಯ. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ರೆವಲ್ಯೂಷನ್ ಎಂಬ ಕೋಸ್ಟರ್‌ಗೆ ಜರ್ಮನಿಯ ಎಂಜಿನಿಯರ್ ವೆರ್ನರ್ ಸ್ಟೆಂಗೆಲ್ ಹನಿಯಾಕಾರದ ಸುತ್ತು ರೂಪಿಸಿದ್ದು ಇದಕ್ಕೇ: ಬುಡ ಅಗಲ, ನೆತ್ತಿ ಇಕ್ಕಟ್ಟು. ಅದರೊಳಗೆ ಕೂತವರಿಗೆ ಆಕಾರ ಕಾಣುವುದಿಲ್ಲ. ಮನಸ್ಸು ತನಗೆ ಗೊತ್ತಿರುವ ವೃತ್ತವನ್ನೇ ತುಂಬಿಕೊಳ್ಳುತ್ತದೆ.

"ಆರು ಸಲ" ಎಂಬುದು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಕೋಸ್ಟರ್ ತಯಾರಿಸುವ ವೆಕೋಮಾ ಕಂಪನಿಯ ಬೂಮರಾಂಗ್ ಮಾದರಿಯಲ್ಲಿ ಹಳಿ ತಲೆಕೆಳಗು ಮಾಡುವುದು ಮೂರೇ ಸಲ. ಆದರೆ ರೈಲು ಹೋದ ದಾರಿಯಲ್ಲೇ ಹಿಮ್ಮುಖವಾಗಿ ವಾಪಸ್ ಬರುತ್ತದೆ, ಒಟ್ಟು ಆರು.

ಇದನ್ನು ಖಚಿತಪಡಿಸಿಕೊಳ್ಳಲು "ಹಿಂದಕ್ಕೂ ಬಂತಾ?" ಎಂದು ನಾನು ಕೇಳಲಿಲ್ಲ. ಕೇಳುವ ಮಾತೇ ನೆನಪನ್ನು ತಿದ್ದುತ್ತದೆಂದು 1974ರಲ್ಲೇ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ತೋರಿಸಿದ್ದರು: ಅಪಘಾತದ ಫಿಲ್ಮ್ ತೋರಿಸಿ, ಕಾರುಗಳು "ತಾಗಿದಾಗ" ಎನ್ನುವ ಬದಲು "ಅಪ್ಪಳಿಸಿದಾಗ" ವೇಗವೆಷ್ಟಿತ್ತು ಎಂದು ಕೇಳಿದರೆ, ಅದರಲ್ಲಿ ಇಲ್ಲದ ಒಡೆದ ಗಾಜನ್ನೂ ಹೆಚ್ಚು ಜನ ಕಂಡೆವೆಂದರು. ಸಿದ್ಧಗಂಗೆ ಜಾತ್ರೆಯಲ್ಲಿ ಕೊಲಂಬಸ್ ಹತ್ತಿ ಹಿಂದೆ ಮುಂದೆ ತೂಗಿದವಳಿಗೆ ಹಿಂದಕ್ಕೆ ಬಂದ ನೆನಪನ್ನು ಕೊಡುವುದು ಇನ್ನೂ ಸುಲಭ.

"ಹೊರಟಾಗ ಏನಾಯ್ತು?" ಎಂದಷ್ಟೇ ಕೇಳಿದೆ.

"ಬೆನ್ನ ಕಡೆಗೆ ಎಳ್ಕೊಂಡು ಮೇಲೆ ಹೋಯ್ತು. ನೆಲ ನೋಡ್ತಾ ಬೆಲ್ಟಿಗೆ ಜೋತು ಬಿದ್ದಿದ್ವಿ."

ಬೂಮರಾಂಗ್ ಹೊರಡುವುದೇ ಹಾಗೆ. ಆದರೆ ಸುಮಾರು 285 ಮೀಟರ್ ಹಳಿಯ, 35 ಮೀಟರ್ ಎತ್ತರದ ಇದೇ ಅಚ್ಚಿನ ಕೋಸ್ಟರ್‌ಗಳು ಹಲವು ದೇಶಗಳಲ್ಲಿವೆ. ಪಾರ್ಕ್ ಯಾವುದೆಂದು ಹಳಿ ಹೇಳಲಾರದು. ಇನ್ನು ವಿಚಾರಿಸಬೇಕಾದದ್ದು, ಆ ದಿನ ಬಸ್ಸು ಬೇರೆಲ್ಲೆಲ್ಲಿ ನಿಂತಿತ್ತು ಎಂದು.